ಕಾಜದ ಕಣ್ಣು

ಕಿಚ್ ಎಂದು ಸಣ್ಣ ಸದ್ದು, ಎಡಗಣ್ಣಿನ ರೆಪ್ಪೆಗೆ ಏನೋ ತಣ್ಣಗೆ ತಾಗಿತು, ಒಂದು ಹೊಲಿಗೆ ಬಿಟ್ಟಿತು, ಇನ್ನೆಷ್ಟಿವೆಯೋ, ಅಲುಗಾಡಬೇಡಿ ಅಮ್ಮಾ ಅನ್ನುತ್ತಾಳೆ ನರ್ಸು, ಒಕ್‌ಬುನ್ ಎಲ್ಲಿ ಅಲುಗಾಡಿದಳು, ಅದುರಿದ್ದು ರೆಪ್ಪೆ, ಅರವತ್ತೊಂಬತ್ತು ವರ್ಷ ಸುಮ್ಮನೆ ಬಿದ್ದುಕೊಂಡಿದ್ದ ರೆಪ್ಪೆ — ಗಂಡ ಪಾನ್‌ಶಿಕ್ ಆಗಿದ್ದರೆ ಒಂದೇ ಎಳೆತಕ್ಕೆ ತೆಗೆಯುತ್ತಿದ್ದ, ಕೋಟಿನ ಕಚ್ಚಾ ಹೊಲಿಗೆಯನ್ನು ಹಾಗೇ ಅಲ್ಲವೇ ಎಳೆಯುತ್ತಿದ್ದದ್ದು, ದಾರದ ತುದಿ ಹಲ್ಲಲ್ಲಿ ಕಚ್ಚಿ, ಸರ್ರನೆ, ದೇಗು ಊರಿನಲ್ಲೇ ನನ್ನಷ್ಟು ಬೇಗ ಯಾವ ದರ್ಜಿ ಎಳೀತಾನೆ ಹೇಳು ಅಂತ ಜಂಬ ಬೇರೆ, ಗುಂಡಿ ತೂರುವ ಕಾಜ ಹೊಲಿಯುವುದು ಮಾತ್ರ ಅವಳ ಪಾಲು, ಕೈಯಲ್ಲೇ, ನಲವತ್ತು ವರ್ಷ, ಯಾರು ಯಾರ ಮದುವೆಯ ಕೋಟಿಗೋ. ನಿನ್ನ ಕಣ್ಣೂ ನೀನೇ ಹೊಲಿದುಕೊಂಡದ್ದೇನೇ, ಕಾಜದ ಹಾಗೇ ಇದೆ, ಒಂದು ಗುಂಡಿ ತೂರಿಸಲಾ, ಎಂದು ಮೊದಲ ದಿನವೇ ಕಿಚಾಯಿಸಿದ್ದ, ಅವಳಿಗೆ ಎಂಥ ಸಿಟ್ಟು ಬಂದಿತ್ತು, ಮೂರು ದಿನ ಮಾತು ಬಿಟ್ಟಿದ್ದಳು, ಆಮೇಲೆ ಅದೇ ಹೆಸರಾಗಿಹೋಯಿತು, ಲೇ ಕಾಜ, ಕತ್ತರಿ ತಾರೇ, ಲೇ ಕಾಜ, ಅನ್ನ ಹಾಕೇ. ಕಿಚ್. ಇದು ಎರಡನೆಯದು.

ಬೇಕಿತ್ತಾ ಇದೆಲ್ಲ, ಬೇಕಿತ್ತು, ಸುಳ್ಳು ಯಾಕೆ, ಮಗಳು ಹೀವೊನ್ ಬಲವಂತ ಮಾಡಿದಳು ಅಂತ ಊರಿಗೆಲ್ಲ ಹೇಳಿಕೊಂಡರೂ ತನಗೆ ಗೊತ್ತಿಲ್ಲವೇ — ಊರಿನ ಸಾರ್ವಜನಿಕ ಸ್ನಾನದ ಮನೆಯ ಬಿಸಿನೀರಲ್ಲಿ ಕತ್ತಿನವರೆಗೆ ಕೂತು ಗೆಳತಿ ದುಕ್‌ಜಾ ಮುಖ ಒಡ್ಡಿದ್ದಳು, ನೋಡೇ, ಕಣ್ಣು ದೊಡ್ಡದು ಮಾಡೋ ಆಪರೇಷನ್ನು, ನನ್ನ ಮಗ ಮಾಡಿಸಿಕೊಟ್ಟದ್ದು, ಎಪ್ಪತ್ತಕ್ಕೆ ಎಲ್ಲರ ಮಕ್ಕಳೂ ಈಗ ಇದನ್ನೇ ಕೊಡೋದು, ನಿನ್ನ ಮಗಳಿಗೆ ಕೈ ಬರಲ್ವಾ. ರೆಪ್ಪೆ ಜೋತು ಅದರ ಕೂದಲು ಕಣ್ಣಿಗೆ ಚುಚ್ಚುತ್ತಿದ್ದದ್ದೂ ನಿಜ, ಆದರೆ ಅದಲ್ಲ, ಒಂದೇ ಒಂದು ಸಲ ಕನ್ನಡಿಯಲ್ಲಿ ದೊಡ್ಡ ಕಣ್ಣು ನೋಡಿಕೊಂಡು ಸಾಯೋಣ ಅಂತ ಆಸೆ, ಮುದಿ ಆಸೆ, ಸುಡಬೇಕು. ಏನೇನಾಗುತ್ತದೆ ಎಂದು ಚೀಟಿ ಕೊಟ್ಟಿದ್ದರಲ್ಲ, ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದ್ದಾಳೆ, ಎರಡನೆಯ ದಿನ ಊತ ಜಾಸ್ತಿ, ಆಮೇಲೆ ನೇರಳೆ, ಆಮೇಲೆ ಹಳದಿ, ತಲೆ ಎತ್ತರಿಸಿ ಮಲಗಿ, ಐಸ್ ಇಡಿ, ಕುಂಬಳಕಾಯಿ ರಸ ಕುಡಿಯಿರಿ ಎಂದದ್ದು ಚೀಟಿಯಲ್ಲ, ಹೀವೊನ್, ಪೆಟ್ಟಿಗೆಗಟ್ಟಲೆ ತಂದಿಟ್ಟಳು, ಏಳನೆಯ ದಿನ ಹೊಲಿಗೆ ತೆಗೆಯುತ್ತೇವೆ, ಎಲ್ಲ ಇತ್ತು ಚೀಟಿಯಲ್ಲಿ, ಆ ಅಂಗೈ ಒಂದು ಇರಲಿಲ್ಲ, ಖಾಲಿ ಕುರ್ಚಿಯ ಮೇಲೆ ಚಪ್ಪಟೆಯಾಗಿ ಇಟ್ಟ ಅಂಗೈ.

ಮೂರನೆಯ ದಿನ ಅದು, ಕಪ್ಪು ಕನ್ನಡಕ ಹಾಕಿಕೊಂಡು ವೃದ್ಧರ ಹಗಲು ಕೇಂದ್ರಕ್ಕೆ ಪಾನ್‌ಶಿಕ್‌ನನ್ನು ಕರೆತರಲು ಹೋಗಿದ್ದಳು, ದಿನಾ ನಾಲ್ಕಕ್ಕೆ ಹೋಗುವ ಹಾಗೆ. ಅವನಿಗೆ ಮರೆವಿನ ಕಾಯಿಲೆ ಹಿಡಿದು ಐದು ವರ್ಷ, ಅಂಗಡಿ ಮರೆತ, ಹೀವೊನ್‌ಳ ಹೆಸರು ಮರೆತ, ಯಾರಮ್ಮ ನೀನು ಅಂತ ಮಗಳನ್ನೇ ಕೇಳಿದ, ಅವತ್ತು ಹೀವೊನ್ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ಆದರೆ ನಾಲ್ಕಕ್ಕೆ ಬಾಗಿಲಲ್ಲಿ ಒಕ್‌ಬುನ್‌ಳ ಮುಖ ಕಂಡರೆ ಸಾಕು, ಬಂದಳು ನೋಡು ನನ್ನ ಕಾಜ, ಎಂದು ಇಡೀ ಕೋಣೆಗೆ ಕೇಳುವ ಹಾಗೆ, ಬೇರೆ ಮುದುಕರೆಲ್ಲ ನಗೋರು, ಅವಳು ನಾಚಿ ಸಾಯೋಳು, ಅದೊಂದು ಉಳಿದಿತ್ತು, ಬರೀ ಅದೊಂದು. ಅವತ್ತು ಪಕ್ಕದಲ್ಲಿ ಕೂರಲು ಹೋದರೆ ಕುರ್ಚಿಯ ಮೇಲೆ ಅಂಗೈ ಇಟ್ಟುಬಿಟ್ಟ, ಇಲ್ಲಿ ಜನ ಇದ್ದಾರೆ ಅಮ್ಮಾ, ನನ್ನ ಮನೆಯವಳು ಬರ್ತಾಳೆ. ರೀ, ನಾನೇ ಕಣ್ರೀ, ಎಂದು ಕನ್ನಡಕ ತೆಗೆದಳು, ತೆಗೆಯಬಾರದಿತ್ತು, ಊದಿದ ನೇರಳೆ ಮುಖ ಕಂಡು ಮಗುವಿನ ಹಾಗೆ ಕಿರುಚಿಕೊಂಡ, ಆದರೂ ಅಂಗೈ ಮಾತ್ರ ಕುರ್ಚಿ ಬಿಡಲಿಲ್ಲ. ಅವತ್ತಿನಿಂದ ಅವನು ಹೀವೊನ್ ಮನೆಯಲ್ಲಿದ್ದಾನೆ, ಕೇಂದ್ರಕ್ಕೆ ಬಿಟ್ಟು ಕರೆತರುವವಳೂ ಅವಳೇ. ಊತ ಇಳೀಲಿ ಅಮ್ಮಾ, ಹೊಲಿಗೆ ತೆಗೀಲಿ, ಅಪ್ಪನಿಗೆ ಗುರುತು ಸಿಕ್ಕೇ ಸಿಗುತ್ತೆ, ಅಂತ ಫೋನಿನಲ್ಲಿ ಹೇಳುವಾಗ ಅವಳ ದನಿಯೂ ಗಟ್ಟಿಯಿರಲಿಲ್ಲ.

ಆಯ್ತು, ಎಲ್ಲ ಬಂತು, ಎಂದಳು ನರ್ಸು, ಡಾಕ್ಟರು ಬಂದು ಗಲ್ಲ ಹಿಡಿದು ಅತ್ತ ತಿರುಗಿಸಿ ಇತ್ತ ತಿರುಗಿಸಿ, ವಾಹ್, ಹತ್ತು ವರ್ಷ ಹೋಯ್ತಲ್ಲ ಅಮ್ಮಾ, ಯಜಮಾನ್ರು ಹೊಸದಾಗಿ ಪ್ರೀತಿ ಮಾಡ್ತಾರೆ ನೋಡಿ. ಡಾಕ್ಟರೇ, ಇದನ್ನ ಮೊದಲಿನ ಹಾಗೆ ಮಾಡಕ್ಕಾಗುತ್ತಾ. ಅವರು ನಕ್ಕರು, ಅವಳು ನಗದಿದ್ದದ್ದು ನೋಡಿ ನಿಲ್ಲಿಸಿದರು, ತೆಗೆದ ಚರ್ಮ ಹೋಯಿತಲ್ಲಮ್ಮಾ, ಅದು ಇಲ್ಲ ಈಗ. ಎಲ್ಲಿಗೆ ಹೋಯಿತು ಎಂದು ಕೇಳಬೇಕೆನ್ನಿಸಿತು, ಕಸದ ಬುಟ್ಟಿಗೋ, ಒಂದು ಚೂರು ಚರ್ಮ, ಅದರಲ್ಲೇ ಇದ್ದಳೇನು ಅವಳು, ಅಷ್ಟರಲ್ಲೇ — ಕೊಟ್ಟ ಕನ್ನಡಿಯಲ್ಲಿ ಯಾರೋ ಹೆಂಗಸು, ಚೆನ್ನಾಗಿದ್ದಾಳೆ, ನಿಜಕ್ಕೂ ಚೆನ್ನಾಗಿದ್ದಾಳೆ, ಅದೇ ಹೊಟ್ಟೆ ಉರಿಸಿದ್ದು.

ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು, ಕೂರಲಿಲ್ಲ, ಕುರ್ಚಿ ಕಂಡರೆ ಅಂಗೈ ಕಾಣುತ್ತಿದೆ, ಊತ ಇಳಿದಿದೆ, ಹೊಲಿಗೆ ಇಲ್ಲ, ಕನ್ನಡಕ ಇಲ್ಲ, ಅವನೇ ಅಳತೆ ತೆಗೆದು ಹೊಲಿದ ಬೂದು ಕೋಟು ಹಾಕಿದ್ದಾಳೆ, ದನಿ ಇದೆಯಲ್ಲ, ದನಿ ಬದಲಾಗಿಲ್ಲವಲ್ಲ, ನಡಿಗೆ ಇದೆ, ಕಣ್ಣು ಕಿರಿದು ಮಾಡಿಕೊಂಡರೆ, ಹೀಗೆ, ಇನ್ನೂ ಸ್ವಲ್ಪ, ಕೇಂದ್ರದ ಬಾಗಿಲ ಬಳಿ ಹಾಗೇ ಕಿರಿದು ಮಾಡಿ ನಿಲ್ಲುತ್ತಾಳೆ, ಹೊಸ ರೆಪ್ಪೆ ನೋಯುತ್ತಿದೆ, ನೋಯಲಿ, ಅವನು ಕಿಟಕಿಯ ಪಕ್ಕ ಇದ್ದಾನೆ, ತಲೆ ಎತ್ತಿದ, ನೋಡಿದ, ಏನೂ ಕೂಗಲಿಲ್ಲ. ಹತ್ತಿರ ಹೋಗಿ ಮೊಣಕಾಲೂರಿ ಕೂತಳು. ಈ ಸಲ ಅವನು ಕಿರುಚಲಿಲ್ಲ, ಮುಖವನ್ನು ಬೆಳಕಿಗೆ ತಿರುಗಿಸಿ ರೆಪ್ಪೆಯ ಗೆರೆಯ ಮೇಲೆ ಹೆಬ್ಬೆರಳು ಸವರಿದ, ಅಂಗಡಿಯಲ್ಲಿ ಹೊಲಿಗೆ ಸವರುತ್ತಿದ್ದ ಹಾಗೇ, ಒಳ್ಳೆ ಕೆಲಸ, ಎರಡೂ ಕಡೆ ಸಮ ಬಂದಿದೆ, ಯಾರ ಕೈ ಅಮ್ಮಾ ಇದು. ನೀವು ಇಲ್ಲೇ ಇದ್ದೀರಲ್ಲ, ಒಂದು ಉಪಕಾರ ಮಾಡಿ, ನಿಮ್ಮ ಕಣ್ಣು ದೊಡ್ಡವು, ದೂರದ್ದು ಕಾಣಬಹುದು, ಬಾಗಿಲ ಹತ್ತಿರ ನನ್ನ ಕಾಜ ಬಂದಳಾ ನೋಡಿ, ನಾಲ್ಕಾದರೂ ಬಂದಿಲ್ಲ, ಒಂದು ವಾರ ಆಯ್ತು ಬಂದೇ ಇಲ್ಲ. ಅವಳು ತಿರುಗಿ ಬಾಗಿಲು ನೋಡಿದಳು, ನೋಡಿಯೇ ನೋಡಿದಳು, ಯಾರೂ ಇರಲಿಲ್ಲ, ಇನ್ನೂ ಬಂದಿಲ್ಲ ಅಂದಳು, ಬರ್ತಾಳೆ ಬಿಡಿ ಅಂದ ಅವನು, ಅವಳು ಅವನತ್ತ ತಿರುಗಿದಾಗ ಅಂಗೈ, ಖಾಲಿ ಕುರ್ಚಿಯ ಮೇಲೆ, ಬೆರಳು ಅಗಲಿಸಿ ಒತ್ತಿ ಹಿಡಿದ ಅಂಗೈ,