ರಫೀರ ಕೊಯ್ದ ಹುಲ್ಲು

"ಏ ಮುದುಕಿ, ಇಳಿಯೇ ಕೆಳಕ್ಕೆ! ಯಾವನೇ ನಿನ್ನ ಹತ್ತಿಸ್ದೋನು?"

ಮೇಯರ್ ಸೀರ್ಬು ಮೈಕಿನಲ್ಲೇ ಗದರಿದ. ವೇದಿಕೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ರಫೀರ ಹಾಗೇ ನಿಂತಳು. ಈಗಷ್ಟೇ ಅವಳ ಹೆಸರು ಕೂಗಿದ್ದರು. ಹುಲ್ಲು ಕೊಯ್ಯುವ ಪಂದ್ಯದಲ್ಲಿ ಇಪ್ಪತ್ತಾರು ಜನರನ್ನು ಹಿಂದೆ ಹಾಕಿ ಮೊದಲು ಮುಗಿಸಿದವಳು ಅವಳೇ. ಅವಳ ಪಾಲಿಗೆ ಅಳೆದುಕೊಟ್ಟ ಗಾವಲಿನ ಪಟ್ಟೆಯಲ್ಲಿ ಒಂದು ಜುಟ್ಟು ಹುಲ್ಲೂ ಉಳಿದಿರಲಿಲ್ಲ. ಬಹುಮಾನದ ಗಬ್ಬದ ಕಡಸು ಕೊರಳಿಗೆ ರಿಬ್ಬನ್ ಕಟ್ಟಿಸಿಕೊಂಡು ಪಕ್ಕದಲ್ಲೇ ಮೆಲುಕು ಹಾಕುತ್ತಿತ್ತು.

"ನೀವೇ ಕರೆದ್ರಲ್ಲ ಯಜಮಾನ್ರೇ?"

"ಕರೆದಿದ್ದು ತಪ್ಪಾಯ್ತು. ಅರವತ್ತು ದಾಟಿದೋರು ಪಂದ್ಯಕ್ಕಿಲ್ಲ. ನಿಂಗೆ ಅರವತ್ತೊಂದು. ಕಡಸು ಎರಡನೇ ಬಂದ ಕೊರ್ನೆಲ್‌ಗೆ."

ಕೊರ್ನೆಲ್ ಮೇಯರನ ಅಳಿಯ. ಅವನ ಅಂಗಿಯ ಕಂಕುಳೂ ಒದ್ದೆಯಾಗಿರಲಿಲ್ಲ. ಅವನು ಕೊಯ್ದ ಪಟ್ಟೆ ಕುಡಿದ ಕ್ಷೌರಿಕ ಬೋಳಿಸಿದ ತಲೆಯಂತಿತ್ತು.

"ಹೆಸರು ಬರೆಸುವಾಗ ಹುಟ್ಟಿದ ವರ್ಷ ಕೇಳಿ ಬರ್ಕೊಂಡೋರು ನೀವೇ ಅಲ್ವ್ರಾ? 'ಬಾರವ್ವ, ಕೈ ಹೆಚ್ಚಾದಷ್ಟೂ ಒಳ್ಳೇದು' ಅಂದ್ರಿ."

ಹುಲ್ಲುಗಾವಲು ಸೀರ್ಬುವಿನದು. ಪಂದ್ಯದ ಹೆಸರಿನಲ್ಲಿ ನಾಲ್ಕು ವರ್ಷದಿಂದ ಅವನ ಗುಡ್ಡವೆಲ್ಲ ಒಂದೇ ಬೆಳಿಗ್ಗೆಗೆ ಪುಗಸಟ್ಟೆ ಬೋಳಾಗುತ್ತಿತ್ತು. ಕೊಯ್ದವರಿಗೆ ಒಂದೊಂದು ಬಟ್ಟಲು ಹುರುಳಿಕಾಯಿ ಸಾರು, ಜೋಳದ ಮುದ್ದೆ.

"ಹೋದ್ವರ್ಷ ಗೆದ್ದಾಗ ನಿಮ್ಮ ಬಾವಂಗೆ ಅರವತ್ತೆರಡಾಗಿತ್ತು. ಅವರ ಅರವತ್ತರ ಹುಟ್ಟುಹಬ್ಬದ ಎಂಜಲು ಪಾತ್ರೆ ತೊಳೆದೋಳು ನಾನೇ."

ಸಾರು ಕುಡಿಯುತ್ತಿದ್ದವರು ಕಿಸಕ್ಕನೆ ನಕ್ಕರು. ಸೀರ್ಬುವಿನ ಕತ್ತು ಕೆಂಪಾಯಿತು.

"ಮುಚ್ಚೇ ಬಾಯಿ, ಜಿಪ್ಸಿ ಮುಂಡೆ! ಕದ್ದು ತಿನ್ನೋ ಜಾತಿಗೆ ಕಡಸು ಬೇರೆ ಕೇಡು. ಸಂಜೆಗೇ ಕಡಿದು ತಿಂದಿರ್ತೀರ."

ಕಡಸಿಗೆ ಪವಿತ್ರಜಲ ಚಿಮುಕಿಸಲು ಬಂದಿದ್ದ ಪಾದ್ರಿ ನಡುವೆ ಬಾಯಿ ಹಾಕಿದ. "ಹೋಗಮ್ಮ ರಫೀರ. ವಯಸ್ಸಾದೋರ ದುಡಿಮೆ ದೇವರು ನೋಡಿರ್ತಾನೆ."

"ಅವನಿಗೂ ವಯಸ್ಸಾಗೈತೆ ಸ್ವಾಮಿ. ಅವನ ಹೆಸರೂ ಹೊಡೆದುಹಾಕ್ಬಿಡಿ."

ನಿನ್ನೆ ಅವಳು ಗುಡಿಸಲ ಹಿಂದೆ ಕಡಸಿಗೆಂದು ಗೂಟ ಹುಗಿದಿದ್ದಳು, ಸೊಸೆ ನಗುತ್ತಿದ್ದರೂ ಕೇಳದೆ. ವೇದಿಕೆ ಬಿಟ್ಟು ಸೀದಾ ತನ್ನ ಪಟ್ಟೆಗೆ ನಡೆದಳು. ಹೆಗಲ ಮೇಲಿನ ದುಪ್ಪಟಿ ಹಾಸಿ ಅಲ್ಲೇ ಬಿದ್ದಿದ್ದ ಕವೆಗೋಲಿನಿಂದ ಹಸಿ ಹುಲ್ಲು ಎತ್ತಿ ಒಟ್ಟತೊಡಗಿದಳು.

"ಏನೇ ಮಾಡ್ತಿದ್ದೀಯ?" ಮೈಕು ಕಿರುಚಿತು.

"ನಾನು ಪಂದ್ಯದಲ್ಲೇ ಇರಲಿಲ್ಲ ಅಂದ್ರಲ್ಲ! ಹಂಗಾದ್ರೆ ನಾನು ಕೊಯ್ದಿದ್ದೂ ಪಂದ್ಯದ್ದಲ್ಲ. ತಗೊಂಡೋಯ್ತೀನಿ."

ಹೊರೆ ಬೆನ್ನಿಗೇರಿಸಿ ಅವಳು ರಸ್ತೆ ಮುಟ್ಟುವಷ್ಟರಲ್ಲಿ ವೇದಿಕೆಯ ಬಳಿ ಕಾವಲಿದ್ದ ಪೊಲೀಸಿನವನು ಓಡಿಬಂದು ದುಪ್ಪಟಿಯ ಅಂಚು ಹಿಡಿದ. ಅವಳು ಬಿಡಲಿಲ್ಲ, ಅವನೂ ಬಿಡಲಿಲ್ಲ. ಪರ್ರನೆ ಬಟ್ಟೆ ಹರಿದು ಹುಲ್ಲೆಲ್ಲ ರಸ್ತೆಗೆ ಚೆಲ್ಲಿತು.

ಇಪ್ಪತ್ತೈದು ವರ್ಷ ಸೀರ್ಬುವಿನ ಮನೆಯಲ್ಲಿ ಜೀತದಂತೆ ದುಡಿದು ಒಮ್ಮೆಯೂ ತಲೆಯೆತ್ತದ ಒನುತ್ಸ್ ಸಾರಿನ ಬಟ್ಟಲನ್ನು ನೆಲಕ್ಕಿಟ್ಟ. ಕವೆಗೋಲು ಎತ್ತಿಕೊಂಡು ತಾನು ಕೊಯ್ದ ಪಟ್ಟೆಯತ್ತ ನಡೆದ. ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಇಬ್ಬರು ಹೆಂಗಸರು.

"ಯಾವ ಬೋಳಿಮಗನಾದ್ರೂ ಮುಟ್ಟಿದ್ರೆ..." ಸೀರ್ಬು ಮಾತು ಮುಗಿಸಲಿಲ್ಲ.

ರಫೀರ ಅತ್ತ ತಿರುಗಿಯೂ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಹುಲ್ಲು ಬಾಚುತ್ತ ಬಂದವಳ ಕೈ ಪೊಲೀಸಿನವನ ಬೂಟಿಗೆ ತಗುಲಿತು.

"ಕಾಲು ತೆಗಿಯಪ್ಪ," ಅಂದಳು. "ಹುಲ್ಲು ನಂದು."