ಕನ್ನಡಿಯಲ್ಲಿ ಕಂಡ ಕೆಂಪು

ಯಾರೋ ಹಳಿಯ ಪಕ್ಕದ ಮಾಳಿಗೆಯ ಮೇಲೆ ಹಾಸಿಗೆ ಬಡಿಯುತ್ತಿದ್ದಾರೆ, ಧಪ್ ಧಪ್, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಈ ಲೈನಿನಲ್ಲಿ ಎಲ್ಲವೂ ಹತ್ತಿರವೇ, ಮೀನು ಸುಡುವ ವಾಸನೆಯೂ ಚಾಲಕಿಯ ಕೋಣೆಗೆ ಬರುತ್ತದೆ, ಆರೇ ನಿಲ್ದಾಣ, ಎರಡೇ ಬೋಗಿ, ಹದಿಮೂರು ನಿಮಿಷ — ಇಷ್ಟು ಪುಟ್ಟ ರೈಲನ್ನೂ ಓಡಿಸಲಾರದವಳು ಎನ್ನಿಸಿಕೊಳ್ಳಬಾರದು ಎಂದುಕೊಳ್ಳುತ್ತ ನಗಾಯೆ ವೇಗದ ಹಿಡಿಯನ್ನು ಸ್ವಲ್ಪ ತಳ್ಳಿದಳು, ಬೆನ್ನ ಹಿಂದೆ ಇಗುಚಿ ಗುರುಗಳ ಪೆನ್ಸಿಲ್ ಕರಕರ ಎಂದಿತು, ಏನು ಬರೆದರು, ಎಂಟು ಸೆಕೆಂಡ್ ತಡ ಎಂದೇ, ಇದು ಎರಡನೇ ಪರೀಕ್ಷೆ, ಮೂರನೆಯದು ಇಲ್ಲ, ಇದೂ ಹೋದರೆ ಮತ್ತೆ ಟಿಕೆಟ್ ಕಿಟಕಿ, ಇಡೀ ಜನ್ಮ ಟಿಕೆಟ್ ಕಿಟಕಿ. ತಡವಾದದ್ದು ಹಿಂದಿನ ನಿಲ್ದಾಣದಲ್ಲಿ ಮಗುವಿನ ತಳ್ಳುಗಾಡಿ ಹತ್ತಿಸುವಾಗ, ಆಮೇಲೆ ಬಾಗಿಲು ಮುಚ್ಚಿದೆ, ಬಾಗಿಲು ಮುಚ್ಚಿದರೆ ಹತ್ತುವ ದೀಪಕ್ಕೆ ನಿಯಮದಂತೆ ಬೆರಳು ಚಾಚಿ ಬಾಗಿಲು ಸರಿ ಎಂದೆ, ಕನ್ನಡಿಗೆ ಬೆರಳು ಚಾಚಿ ಪ್ಲಾಟ್‌ಫಾರಂ ಸರಿ ಎಂದೆ, ಗಟ್ಟಿಯಾಗಿಯೇ ಎಂದೆ — ನೋಡಿದೆನೇ? ಕಣ್ಣು ಗಡಿಯಾರದ ಮೇಲಿತ್ತು. ಕನ್ನಡಿಯ ಅಂಚಿನಲ್ಲಿ ಏನೋ ಕೆಂಪಗೆ ಅಲ್ಲಾಡಿತು, ಅಲ್ಲಾಡಿತೇ, ಕೆಂಪು ಶಾಲು ಎಂದರೆ ಓರಿತೊ ಅಜ್ಜಿ, ದಿನಾ ಎರಡನೇ ಬೋಗಿ ಹತ್ತುವವಳು, ಮೊನ್ನೆ ಈ ಕೋಣೆಯ ಕಿಟಕಿಯ ಹತ್ತಿರ ಬಂದು, ನೀನು ಓಡ್ಸಿದ್ರೆ ವಾಸಿ ಕಣೇ, ಆ ಗಂಡಸ್ರು ಬ್ರೇಕ್ ಹಾಕಿದ್ರೆ ನನ್ ಹಲ್ಲಿನ ಸೆಟ್ಟೇ ಮಡಿಲಿಗೆ ಬೀಳತ್ತೆ ಎಂದು ನಕ್ಕಿದ್ದಳು, ಇವತ್ತು ಹತ್ತಿದಳೇ, ಹೊರಗೇ ಉಳಿದಳೇ, ಉಳಿದು ಶಾಲು ಬಾಗಿಲಿಗೆ ಸಿಕ್ಕಿದ್ದರೆ — ದೇವರೇ, ದೀಪವೇನೋ ಹತ್ತಿದೆ, ತೆಳು ಬಟ್ಟೆ ಸಿಕ್ಕರೂ ಹತ್ತುತ್ತದೆ, ಅದಕ್ಕೇ ಕಣೇ ಕನ್ನಡಿ ಇಟ್ಟಿರೋದು, ನಿನ್ ಬಾಯಿ ಗಿಳಿ ಥರ ಒಪ್ಪಿಸ್ತಿದೆ, ಕಣ್ಣೆಲ್ಲಿದೆ, ಎಂದು ಗುರುಗಳು ಬೈದದ್ದು ಹೋದ ತಿಂಗಳೇ.

ಮುಂದಿನ ತಿರುವು ದಾಟಿದರೆ ಕಲ್ಲುಗೋಡೆ, ಬೋಗಿಗೂ ಗೋಡೆಗೂ ಗೇಣಷ್ಟೇ ಅಂತರ, ನಿಲ್ಲಿಸಬೇಕು, ನಿಲ್ಲಿಸಿ ನೋಡಿದರೆ ಏನೂ ಇಲ್ಲದಿದ್ದರೆ, ಇನ್ನೂರು ಜನಕ್ಕೆ ಕೆಲಸಕ್ಕೆ ತಡ, ಕಚೇರಿಯಲ್ಲಿ ತೋರಿಸಲು ಕೈಗೊಂದು ತಡದ ಚೀಟಿ, ನನಗೆ ಟಿಕೆಟ್ ಕಿಟಕಿ, ಕೆಂಪು ಎಂದರೆ ಜಾಹೀರಾತೂ ಇರಬಹುದು, ಕೊಡೆ ಇರಬಹುದು, ಅಲ್ಲ, ಅದು ಅಲ್ಲಾಡಿತು, ಗೋಡೆ ಕಾಣುತ್ತಿದೆ, ಕೈ ತಾನಾಗಿ ಬ್ರೇಕನ್ನು ಕೊನೆಯವರೆಗೂ ಎಳೆಯಿತು, ರೈಲು ಕಿರುಚಿ ನಿಂತಿತು. ಏನಾಯ್ತು ನಗಾಯೆ? ಗುರುಗಳೇ, ಸರಿ ಅಂತ ಕೂಗ್ದೆ, ಆದ್ರೆ ನೋಡ್ಲಿಲ್ಲ. ಗುರುಗಳು ಪೆನ್ಸಿಲ್ ಕೆಳಗಿಟ್ಟರು. ಓಡು, ಹೋಗಿ ನೋಡು ಎಂದರು.

ದಾರಿ ಬಿಡಿ, ಕ್ಷಮಿಸಿ, ದಾರಿ ಬಿಡಿ, ಯಾರೋ ಗೊಣಗುತ್ತಾರೆ, ಇವತ್ತೇ ಆಗ್ಬೇಕಿತ್ತಾ ಇದು, ಎರಡನೇ ಬೋಗಿ, ಕೊನೆಯ ಬಾಗಿಲು — ಅಜ್ಜಿ ಒಳಗಿದ್ದಾಳೆ, ಒಳಗೇ ಇದ್ದಾಳೆ, ಶಾಲಿನ ತುದಿ ಮಾತ್ರ ಬಾಗಿಲಾಚೆ, ಕೊರಳು ಬಾಗಿಲಿಗೆ ಬಿಗಿದುಕೊಂಡಿದೆ, ಎರಡು ಬೆರಳು ಶಾಲಿಗೂ ಗಂಟಲಿಗೂ ನಡುವೆ, ಮುಖ ಕಪ್ಪಿಟ್ಟಿದೆ, ಇನ್ನು ಸ್ವಲ್ಪವೇ ಮುಂದೆ ಗೋಡೆ, ಯಾಕಜ್ಜೀ ಕೂಗ್ಲಿಲ್ಲ, ಪಕ್ಕದಲ್ಲಿ ಇಷ್ಟು ಜನ ಇದ್ದಾರಲ್ಲ? ಮುಂದಿನ ಸ್ಟೇಷನ್ ಇಲ್ಲೇ ಅಲ್ವೇನಮ್ಮ, ದನಿ ಎಳೆಯಷ್ಟೇ, ಎಲ್ರಿಗೂ ತಡ ಆಗ್ಬಿಡತ್ತಲ್ಲ. ನಗಾಯೆಯ ಕೈ ಬಾಗಿಲು ಬಿಡಿಸುವ ಹಿಡಿಯನ್ನು ತಡಕುತ್ತಿದೆ, ಅಜ್ಜಿ ಸುತ್ತಲಿನವರಿಗೆಲ್ಲ ಕ್ಷಮೆ ಕೇಳಲು ತಲೆ ಬಾಗಿಸಹೋಗುತ್ತಾಳೆ, ಕೆಂಪು ಶಾಲು ಬಿಡುವುದಿಲ್ಲ, ಮತ್ತೆ ಬಾಗಿಸಹೋಗುತ್ತಾಳೆ, ಕೆಂಪು ಶಾಲು ಬಿಡುವುದಿಲ್ಲ, ಮತ್ತೆ…