ಘನದ ಕೆಳಗೆ ಇಳಿದವರು

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಆ ಶಾಲೆಯಲ್ಲಿ ಮೊದಲು ಗಣಿತ ಪಾಠಕ್ಕೆಂದು ಒಂದು ಮರದ ಘನವಿತ್ತು. ಬಿಸಿಯೂಟದ ಅಶ್ವತ್ಥಮ್ಮ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಒಂದು ದಿನ ಅದು ಕಾಣೆಯಾಯಿತು. ಆಗ ಕಂಟ್ರಾಕ್ಟರ್ ಚಿರಂಜೀವಿ, ಯಾವ ಕಳ್ಳನೂ ಹೊತ್ತುಕೊಂಡು ಹೋಗಲಾರದಂಥ ಘನ ಕೊಡುತ್ತೇನೆಂದು ಅಂಗಳದಲ್ಲೇ ಹಲಗೆ ಕಟ್ಟಿಸಿ ಕಾಂಕ್ರೀಟು ಸುರಿಸಿಬಿಟ್ಟ. ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಮೀಟರು. ತೂಕ ಎರಡು ಟನ್ನಿನ ಮೇಲೆ. ಕಂಡ ಮುಖಕ್ಕೆಲ್ಲ ಒಂದೊಂದು ಬಣ್ಣ ಬಳಿಸಿ, ಒಂದನ್ನೂ ಬಿಡದೆ ತನ್ನ ಹೆಸರು ಬರೆಸಿದ. ದಾನ ಮಾಡಿದವನಿಗೆ ಅಷ್ಟೂ ಬೇಡವೇ?

ಅಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಜ್ಯೋತ್ಸ್ನಾ, ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಪ್ರತಿ ವರ್ಷ ಹೊಸದಾಗಿ ಕರೆಯಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. ಫ್ಯಾಕ್ಟರಿ ಕೆಲಸಕ್ಕೆಂದು ದಾವಣಗೆರೆಯಿಂದ ಬಂದಿದ್ದ ಅಪ್ಪ ಈಗ ನಿವೃತ್ತ. ಮನೆ ನಡೆಯುತ್ತಿದ್ದುದು ಇವಳ ಸಂಬಳದಿಂದ. ಆದರೂ ಅವಳಿಗೊಂದು ಹಟ. ಮಕ್ಕಳು ಬಾಯಿಪಾಠ ಮಾಡಕೂಡದು. ಕರಿಹಲಗೆಯ ಮೂಲೆಯಲ್ಲಿ ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಬರೆದು, ಅದನ್ನು ಒರೆಸಿದವರಿಗೆ ಬೈಯುತ್ತಿದ್ದಳು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹಾಗಾಯಿತು. ಬಂಗಾರಪೇಟೆಯಿಂದ ತಪಾಸಣೆಗೆ ಬಂದ ಓಂಕಾರಪ್ಪ ಸಾಹೇಬರು ಆರನೇ ತರಗತಿಗೆ ಕೊಟ್ಟದ್ದು ಒಂದೇ ಪ್ರಶ್ನೆ: ನಿಮ್ಮ ಶಾಲೆಯ ಘನಕ್ಕೆ ಎಷ್ಟು ಮುಖ? ಮೂವತ್ತೊಂದು ಮಕ್ಕಳೂ ಅಂಗಳಕ್ಕೆ ಓಡಿ, ಸುತ್ತ ಎಣಿಸಿ, ಮೇಲೆ ಹತ್ತಿ ಎಣಿಸಿ, ಬಂದು ಬರೆದರು: ಐದು.

“ಏನಮ್ಮ ಇದು?” ಸಾಹೇಬರ ಹೊಟ್ಟೆ ಮೇಜಿಗೆ ತಾಗಿ ಹಾಜರಿ ಪುಸ್ತಕ ಕೆಳಗೆ ಬಿತ್ತು. “ಹತ್ತು ದಿನ ಟೈಮ್ ಕೊಡ್ತೀನಿ. ಇವರು ಆರು ಅಂತ ಬರೀಬೇಕು. ಇಲ್ಲಾಂದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯೋದು ಬೇಡ ಅಂತ ನಾನು ಬರೀತೀನಿ.”

ಜ್ಯೋತ್ಸ್ನಾ ರಟ್ಟಿನಲ್ಲಿ ಒಂದು ಘನದ ಡಬ್ಬಿ ಮಾಡಿ ತಂದಳು. ಮಕ್ಕಳು ಅದನ್ನು ತಿರುಗಿಸಿ ನೋಡಿ ಆರು ಎಂದು ಒಪ್ಪಿದರು. ಹಾಗಾದರೆ ಅಂಗಳದ್ದಕ್ಕೆ? ಐದು.

“ಡಬ್ಬೀನ ಎತ್ತಿ ನೋಡುದ್ವಿ ಮಿಸ್. ಅದುನ್ನ ಎತ್ತಾಕಾಗಲ್ವಲ್ಲ,” ಎಂದಳು ಮೊದಲ ಬೆಂಚಿನ ನವ್ಯ.

“ಇದಕ್ಕಿದ್ದ ಹಾಗೆ ಅದಕ್ಕೂ ಕೆಳಗಡೆ ಒಂದಿದೆ ಕಣೇ.”

“ಪಕ್ಕದ್ ಮನೇಗೆ ಹಿತ್ಲಾಗ್ ಬಾಗಿಲೈತೆ. ನಮ್ಮನೇಗಿಲ್ಲ. ನೀವು ನೋಡಿದೀರಾ ಮಿಸ್?”

ಹೌದು ಎನ್ನಲು ಜ್ಯೋತ್ಸ್ನಾ ಬಾಯಿ ತೆರೆದಳು. ಕರಿಹಲಗೆಯ ಮೂಲೆ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದಳು.

“ನಮ್ ತಾತಂಗೇಳ್ತೀನಿ ಇರಿ,” ಎಂದಳು ನವ್ಯ. “ನೆಲದ್ ಕೆಳ್ಗಿಂದೆಲ್ಲಾ ಅವ್ರಿಗೆ ಗೊತ್ತು.”

ತಾತ ಜಯರಾಮಪ್ಪ ಚಿನ್ನದ ಗಣಿಯಲ್ಲಿ ಸುರಂಗ ಕುಸಿಯದಂತೆ ಮರದ ಊರೆ ನಿಲ್ಲಿಸುತ್ತಿದ್ದವನು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾದರೂ ಯಾರ ಮನೆಗೆ ಹೋದರೂ ಮೊದಲು ಸೂರು ನೋಡಿ “ಇದು ಬೀಳ್ತದೆ” ಎನ್ನುತ್ತಿದ್ದ, ಆಮೇಲೆ ಕಾಫಿ ಕುಡಿಯುತ್ತಿದ್ದ. ಮಾರನೆಯ ದಿನ ತಲೆಗೆ ಹಳೆಯ ಟೋಪಿ ಇಟ್ಟು, ದೀಪ ಸಿಕ್ಕಿಸಿಕೊಂಡು ಬಂದ.

“ಎಷ್ಟ್ ಆಳ ಓಗ್ಬೇಕು ಮೇಡಂ?”

“ಒಂದು ಮೀಟರ್ ಸಾಕು, ಜಯರಾಮಪ್ಪನವರೇ.”

ಅವನ ಮುಖ ಬಾಡಿತು. “ಮೈಲಿಗಟ್ಲೆ ಇಳ್ದೋನು ಕಣಮ್ಮಾ ನಾನು. ಒಂದು ಮೀಟ್ರಾ?” ಆದರೂ ಒಪ್ಪಿಕೊಂಡ. ಸುಮ್ಮನೆ ಕೂತು ಕೂತು ಅವನಿಗೂ ಸಾಕಾಗಿತ್ತು.

ಒಂದು ವಾರ ಅಗೆದ. ಘನದ ನಾಲ್ಕು ಮೂಲೆಗೂ ದಿಮ್ಮಿಯ ಊರೆ ಕೊಟ್ಟು, ಅಡಿಯ ಮಣ್ಣನ್ನೆಲ್ಲ ತೆಗೆದು, ಒಬ್ಬರು ಅಂಗಾತ ತೆವಳಿಕೊಂಡು ಹೋಗುವಷ್ಟು ಜಾಗ ಮಾಡಿದ. ಗಣಿಯಲ್ಲಿ ಇಳಿಯುವವರಿಗೆ ಬಿಲ್ಲೆ ಕೊಡುತ್ತಿದ್ದ ಹಾಗೆ, ಪ್ರತಿ ಮಗುವಿಗೂ ಒಂದು ಸೋಡಾ ಮುಚ್ಚಳ. ಹೊರಬಂದ ಮೇಲೆ ಅದು ಅವನ ಕೈಗೆ ವಾಪಸು ಬರಬೇಕು. ಒಬ್ಬೊಬ್ಬರಾಗಿ ಮೂವತ್ತು ಮಕ್ಕಳು ಹೋಗಿ ಬಂದರು. ಕೊನೆಗೆ ಹೋದ ನವ್ಯ ಒಳಗಿನಿಂದಲೇ ಕಿರುಚಿದಳು.

“ತಾತಾ, ನನ್ ಚಪ್ಲಿ! ಇಲ್ಲೈತೆ!”

ಕಾಂಕ್ರೀಟು ಸುರಿದ ದಿನ ಕಳೆದುಹೋದ ಚಪ್ಪಲಿ ಅದು. ಕೆಳಗಿನ ಮುಖದಲ್ಲಿ ಅಂಟಿಕೊಂಡು ಗಟ್ಟಿಯಾಗಿತ್ತು. ಅದಕ್ಕಾಗಿ ಅವ್ವನ ಕೈಲಿ ತಿಂದ ಏಟು ನವ್ಯಳಿಗೆ ಇನ್ನೂ ನೆನಪಿತ್ತು.

ಹತ್ತನೆಯ ದಿನ ಸಾಹೇಬರು ಬಂದರು. ಮೂವತ್ತೊಂದು ಹಾಳೆಯಲ್ಲೂ ಆರು. ಅವರು ಮೀಸೆ ತಿರುವಿ, ವರದಿ ತೆಗೆದು ‘ಆರು’ ಎಂದು ಬರೆಯಹೊರಟರು.

“ನೀವು ನೋಡಿದೀರಾ ಸಾರ್?” ಎಂದಳು ನವ್ಯ.

ಕೈಗೆ ಬಂದ ಕೆಲಸ ಈ ಹುಡುಗಿಯಿಂದ ಹೋಯಿತೆಂದೇ ಜ್ಯೋತ್ಸ್ನಾ ಅಂದುಕೊಂಡಳು. ಸಾಹೇಬರು ಪೆನ್ನು ನೋಡಿದರು, ಮಕ್ಕಳನ್ನು ನೋಡಿದರು. ವರದಿಯ ಕೊನೆಯಲ್ಲಿ ‘ಖುದ್ದಾಗಿ ಪರಿಶೀಲಿಸಿದ್ದೇನೆ’ ಎಂದು ಅಚ್ಚಾಗಿತ್ತು. ಸಹಿ ಅದರ ಕೆಳಗೆ.

ಇಪ್ಪತ್ತು ನಿಮಿಷದ ಮೇಲೆ ಘನದ ಅಡಿಯಿಂದ ಎರಡು ಬೂಟು ಮಾತ್ರ ಕಾಣುತ್ತಿದ್ದವು. ಹೊಟ್ಟೆ ಸಿಕ್ಕಿಕೊಂಡಿತ್ತು.

“ಎಷ್ಟು ಮುಖ ಸಾರ್?” ಜಯರಾಮಪ್ಪ ಬಗ್ಗಿ ಕೇಳಿದ.

“ಎಷ್ಟಾದ್ರೂ ಇರ್ಲಿ, ಮೊದ್ಲು ಎಳೀರಯ್ಯಾ!”

“ಅಂಗೆಲ್ಲಾ ಅನ್ಬೇಡಿ. ಎಣಿಸಿ ಎಷ್ಟಂತ ಅನ್ನಿ.”

“ಆರು! ಆರೂ ಇದೆ! ಚಪ್ಪಲೀನೂ ಇದೆ!”

ಎಳೆದರು. ಇಂಗು ತಿಂದ ಮಂಗನಂತೆ ಕೂತಿದ್ದ ಸಾಹೇಬರು ಅಶ್ವತ್ಥಮ್ಮ ಕೊಟ್ಟ ನೀರು ಕುಡಿದು, ‘ಆರು’ ಎಂದು ಬರೆದು, ಕೆಳಗೆ ಮತ್ತೊಂದು ಸಾಲು ಸೇರಿಸಿದರು: ‘ಮುಂದಿನ ವರ್ಷವೂ ಇದೇ ಶಿಕ್ಷಕಿ ಇರತಕ್ಕದ್ದು. ಇವರು ಹೋದರೆ ಈ ಗುಂಡಿಗೆ ಜವಾಬ್ದಾರರು ಯಾರೂ ಇರುವುದಿಲ್ಲ.’

ಜ್ಯೋತ್ಸ್ನಾಳಿಗೆ ಅಳುವಷ್ಟು ಸಂತೋಷವಾಯಿತು. ಸಾಹೇಬರ ಜೀಪು ಹೋದ ಮೇಲೆ ಜಯರಾಮಪ್ಪ ಮುಚ್ಚಳಗಳನ್ನು ಎಣಿಸಿದ.

“ಯಾರೂ ತಗೊಳ್ದೆ ಒಂದು ಮಿಕ್ಕೈತೆ ಮೇಡಂ. ನಿಮ್ದು.”

ಮೂವತ್ತೊಂದು ಜೊತೆ ಕಣ್ಣು ಅವಳ ಮೇಲಿದ್ದವು. ಆರು ವರ್ಷದಿಂದ ಘನಕ್ಕೆ ಆರು ಮುಖ ಎಂದು ಕಲಿಸುತ್ತಿದ್ದವಳು ಅವಳೇ. ಎರಡು ಟನ್ನಿನ ಕೆಳಗೆ ಮಲಗುವುದೆಂದರೆ ಅವಳಿಗೆ ನಿಜವಾಗಿಯೂ ಭಯವಿತ್ತು. ಇನ್ನು ಇಳಿಯಲೇಬೇಕೆಂದೂ ಇರಲಿಲ್ಲ. ಮುಚ್ಚಳ ಇಸಿದುಕೊಂಡು, ಸೆರಗು ಸಿಕ್ಕಿಸಿ, ಇಳಿದಳು.

ಆ ಮುಖಕ್ಕೆ ಬಣ್ಣವಿರಲಿಲ್ಲ. ಚಿರಂಜೀವಿಯ ಹೆಸರೂ ಇರಲಿಲ್ಲ. ನಾಲ್ಕು ಅಂಚು, ನಾಲ್ಕು ಮೂಲೆ, ನಡುವೆ ಒಂದು ಪುಟ್ಟ ಚಪ್ಪಲಿ. ಅಂಗೈ ಇಟ್ಟಳು. ತಣ್ಣಗಿತ್ತು.

“ಎಷ್ಟು ಮಿಸ್?” ಮೇಲಿನಿಂದ ನವ್ಯಳ ದನಿ.

“ಆರು ಐತೆ ಕಣ್ರೇ!” ಎಂದು ಜ್ಯೋತ್ಸ್ನಾ ಕೂಗಿದಳು. “ನಾನೇ ನೋಡ್ದೆ!”

“ಸರಿ, ಮುಚ್ಳ ಮರೀದೆ ತನ್ನಿ ಮೇಡಂ,” ಎಂದ ಜಯರಾಮಪ್ಪ.